ದೊಡ್ಡಮ್ಮ ಕಳಿಸಿದ ಬ್ಲೀಚ್ ಸೂತ್ರ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ದಾಟಿ ಮಾತು ಮುಂದುವರಿಯುವುದೇ ಅಪರೂಪ. ಮೊನ್ನೆ ಮುಂದುವರಿಯಿತು. ಎಲ್ಲರ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ. ಚಿಕ್ಕಪ್ಪನ ಒಪ್ಪಿಗೆ ಕೊನೆಗೆ ಸಿಕ್ಕಿತು.

ದೊಡ್ಡಮ್ಮ: (ಬೇರೆಡೆಯಿಂದ ಬಂದ ಸಂದೇಶ) ಹೆಂಗಸರೇ ಗಮನಿಸಿ! ಪದೇ ಪದೇ ತುರಿಕೆ, ಬಿಳಿಸೆರಗು, ಉರಿಮೂತ್ರವೇ? ಕಾರಣ ನಿಮ್ಮ ಒಳಉಡುಪು! ಔಷಧಿಗೆ ದುಡ್ಡು ಸುರಿಯಬೇಡಿ. ಬ್ಲೀಚ್, ವಿನಿಗರ್, ಆಂಟಿಸೆಪ್ಟಿಕ್ ದ್ರಾವಣ ಮೂರನ್ನೂ ಒಂದೇ ಬಕೆಟ್‌ಗೆ ಹಾಕಿ ರಾತ್ರಿಯಿಡೀ ನೆನೆಸಿ. ಹತ್ತು ಜನರಿಗೆ ತಲುಪಿಸಿ.

ಚಿಕ್ಕಪ್ಪ: ಅತ್ತಿಗೆಯವರೇ, ಇದು ಮನೆಮಂದಿಯೆಲ್ಲ ಇರುವ ಗುಂಪು.

ಅಣ್ಣ: ದೊಡ್ಡಮ್ಮ, ದಯವಿಟ್ಟು ಅಳಿಸಿ. ಬ್ಲೀಚಿಗೆ ವಿನಿಗರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶಕ್ಕೇ ಪೆಟ್ಟು.

ದೊಡ್ಡಮ್ಮ: ನಾನೇನು ಬೆರೆಸಿ ನೋಡಿಲ್ಲಪ್ಪ, ನನಗೂ ಯಾರೋ ಕಳಿಸಿದ್ದು. ಆದರೆ ಬಟ್ಟೆ ಶುದ್ಧವಾಗಿರಬೇಕು ಎಂದರೆ ತಪ್ಪೇ? ಈಗಿನ ಹುಡುಗಿಯರು ಒಗೆದ ಶಾಸ್ತ್ರ ಮಾಡಿ ನೇತುಹಾಕುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ವೈದ್ಯರ ಬಾಗಿಲು ತಟ್ಟುತ್ತಾರೆ.

ನಾನು: ಆ ಈಗಿನ ಹುಡುಗಿ ನಾನೇ ದೊಡ್ಡಮ್ಮ. ಈ ವರ್ಷ ನನಗೆ ನಾಲ್ಕು ಸಲ ಬಂದಿದೆ.

(ಇದಾದ ಮೇಲೆ ಐದು ನಿಮಿಷ ಗುಂಪು ಸ್ತಬ್ಧ. ಅಮ್ಮ ಬರೆಯುತ್ತಿದ್ದಾಳೆ ಎಂದು ತೋರಿಸುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ತೋರಿಸುತ್ತಿತ್ತು.)

ಅಮ್ಮ: ನನಗೆ ಒಂದು ಮಾತು ಹೇಳಬಾರದಿತ್ತೇ?

ನಾನು: ಸರಿಯಾಗಿ ಒಗೆದುಕೋ ಎನ್ನುತ್ತೀಯೆಂದು ಹೇಳಲಿಲ್ಲ. ಒಗೆಯುವುದರಲ್ಲಿ ನಾನು ಏನೂ ಕಡಿಮೆ ಮಾಡಿಲ್ಲ. ಆರು ತಿಂಗಳು ಆಂಟಿಸೆಪ್ಟಿಕ್‌ನಲ್ಲಿ ನೆನೆಹಾಕಿದೆ, ಪರಿಮಳದ ಫ್ಯಾಬ್ರಿಕ್ ಕಂಡಿಷನರ್ ಹಾಕಿದೆ. ಸಂಬಳದಲ್ಲಿ ಬಾಡಿಗೆ ಕಳೆದು ಉಳಿಯುವುದೇ ಅಷ್ಟಿಷ್ಟು, ಅದೂ ಈ ಬಾಟಲಿಗಳಿಗೆ ಹೋಯಿತು. ಉರಿ ಮಾತ್ರ ಇನ್ನೂ ಹೆಚ್ಚಾಯಿತು.

ಅಕ್ಕ: ಹೆಚ್ಚಾಗದೆ ಏನು? ಬಟ್ಟೆಯಲ್ಲಿ ಉಳಿದ ಆ ರಾಸಾಯನಿಕ, ಆ ಸುಗಂಧ ದಿನವಿಡೀ ಮೆದು ಚರ್ಮಕ್ಕೆ ತಾಗುತ್ತಿದ್ದರೆ ಚರ್ಮ ಕೆರಳುತ್ತದೆ. ಅದನ್ನೇ ಸೋಂಕು ಎಂದುಕೊಂಡು ಇನ್ನೊಂದು ಮುಚ್ಚಳ ಸುರಿಯುತ್ತಾರೆ. ನಮ್ಮ ವಾರ್ಡಿಗೆ ಬರುವವರಲ್ಲೂ ಇದನ್ನು ನೋಡಿದ್ದೇನೆ. ನಾಲ್ಕು ಸಲವೂ ಪರೀಕ್ಷೆ ಮಾಡಿಸಿದೆಯೇನೇ?

ನಾನು: ಮೊದಲ ಸಲ ಮಾತ್ರ. ಆಮೇಲೆ ಅದೇ ಚೀಟಿ ತೋರಿಸಿ ಅದೇ ಮಾತ್ರೆ, ಅದೇ ಮುಲಾಮು.

ಅಕ್ಕ: ದುಡ್ಡು ಪೋಲಾದದ್ದು ಅಲ್ಲಿ, ಸೋಪಿನಲ್ಲಲ್ಲ. ತಮಗೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕೇ ಆಗಿದೆಯೆಂದು ತಾವೇ ತೀರ್ಮಾನಿಸಿ ಮದ್ದು ಕೊಂಡ ಹೆಂಗಸರನ್ನು ಪರೀಕ್ಷಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಗಿತ್ತು. ಅವರಲ್ಲಿ ಬರೀ ಯೀಸ್ಟ್ ಇದ್ದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಹಲವರಿಗೆ ಬ್ಯಾಕ್ಟೀರಿಯಾ ತೊಂದರೆ. ಅದಕ್ಕೆ ಯೀಸ್ಟ್ ಮುಲಾಮು ಹಚ್ಚಿದರೆ ಏನೂ ಪ್ರಯೋಜನವಿಲ್ಲ. ನಿಜವಾಗಿ ಯೀಸ್ಟೇ ಆಗಿದ್ದರೂ ಅದರಲ್ಲಿ ಜಾತಿಗಳಿವೆ. ಕ್ಯಾಂಡಿಡಾ ಅಲ್ಬಿಕಾನ್ಸ್ ಸಾಮಾನ್ಯ ಮಾತ್ರೆಗೆ ಮಣಿಯುತ್ತದೆ, ಗ್ಲಾಬ್ರಾಟಾ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ ಒಂದು ಮಾತ್ರೆ ನುಂಗಿ ಕೂರುವಂತಿಲ್ಲ. ಯಾವ ಜಾತಿ ಎಂದು ಮಾದರಿ ತೆಗೆದು ಬೆಳೆಸಿ ನೋಡಬೇಕು. ವಾರಕ್ಕೊಂದರಂತೆ ಆರು ತಿಂಗಳು ಫ್ಲುಕೊನಜೋಲ್ ಎಂಬ ಯೀಸ್ಟ್ ಮಾತ್ರೆ ಕೊಡುವ ಕ್ರಮವೂ ಇದೆ, ಆದರೆ ಅದನ್ನು ವೈದ್ಯರೇ ಬರೆಯಬೇಕು.

ದೊಡ್ಡಮ್ಮ: ನೀವೆಲ್ಲ ಓದಿದವರು. ಹಾಗಾದರೆ ಬಟ್ಟೆಗೂ ಇದಕ್ಕೂ ಸಂಬಂಧವೇ ಇಲ್ಲ, ಹೇಗೆ ಬೇಕಾದರೂ ಒಗೆಯಿರಿ ಎಂದಾಯಿತು.

ಅಕ್ಕ: ಹಾಗೆ ಹೇಳಲಿಲ್ಲ ದೊಡ್ಡಮ್ಮ. ತಣ್ಣೀರಿನ ಒಗೆತದಲ್ಲಿ ಕ್ಯಾಂಡಿಡಾ ಪೂರ್ತಿ ಸಾಯುವುದಿಲ್ಲ, 60 ಡಿಗ್ರಿ ಬಿಸಿಯಲ್ಲಿ ಒಗೆದರೆ ಸಾಯುತ್ತದೆ. ಆದ್ದರಿಂದ ಚಿಕಿತ್ಸೆಯ ದಿನಗಳಲ್ಲಿ ಬಿಸಿನೀರು ಒಳ್ಳೆಯದೇ. ಆದರೆ ಸೋಂಕು ಹೆಚ್ಚಾಗಿ ಮರಳುವುದು ಬಟ್ಟೆಯಿಂದಲ್ಲ, ನಮ್ಮದೇ ದೇಹದೊಳಗಿನಿಂದ. ಉರಿಮೂತ್ರವಂತೂ ಬಹುಪಾಲು ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದ ಕೆಲಸ. ಚಡ್ಡಿ ಕುದಿಸಿದರೆ ಅದು ನಿಲ್ಲುವುದಿಲ್ಲ.

ಚಿಕ್ಕಪ್ಪ: ಹೆಂಗಸರದೇ ಬೇರೆ ಗುಂಪು ಮಾಡಿಕೊಳ್ಳಬಹುದಲ್ಲ?

ಅಕ್ಕ: ನೀವು ಇರಲೇಬೇಕು ಚಿಕ್ಕಪ್ಪ. ಬಟ್ಟೆಯಿಂದ ನಿಜವಾಗಿ ಹರಡುವುದು ತೊಡೆಸಂದಿಯ ಹುಳುಕಡ್ಡಿ, ಅದು ಗಂಡಸರಿಗೇ ಹೆಚ್ಚು. ಅದರ ಬೀಜಕಣಗಳು ಒಳಉಡುಪಿನಲ್ಲಿ, ಟವೆಲಿನಲ್ಲಿ ಬದುಕಿರುತ್ತವೆ. ಪಾದದಲ್ಲಿ ಶಿಲೀಂಧ್ರವಿದ್ದವರು ಮೊದಲು ಕಾಲುಚೀಲ ಹಾಕಿ, ಆಮೇಲೆ ಚಡ್ಡಿ ಏರಿಸಬೇಕು. ಇಲ್ಲದಿದ್ದರೆ ಪಾದದ ಸೋಂಕನ್ನು ಚಡ್ಡಿಯೇ ಮೇಲಕ್ಕೆ ಹೊತ್ತೊಯ್ಯುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಅಡಗುತ್ತದೆ, ಹುಳುಕಡ್ಡಿ ಹಬ್ಬುತ್ತದೆ.

(ಚಿಕ್ಕಪ್ಪನಿಂದ ಉತ್ತರವಿಲ್ಲ. ಚಿಕ್ಕಮ್ಮ ಮಾತ್ರ ಅದಕ್ಕೆ ನಗುಮೊಗದ ಚಿತ್ರ ಒತ್ತಿದ್ದರು.)

ನಾನು: ನನ್ನ ಕೋಣೆಯಲ್ಲಿ ಒಗೆಯುವ ಯಂತ್ರವಿಲ್ಲ. ಒಂದು ಕೆಟಲ್, ಒಂದು ಬಕೆಟ್, ಅಷ್ಟೇ. 60 ಡಿಗ್ರಿ ಎಲ್ಲಿಂದ ತರಲಿ?

ಅಣ್ಣ: ಇದು ಬರೀ ಲೆಕ್ಕ. ಕುದಿಯುವ ನೀರು 100 ಡಿಗ್ರಿ, ನಲ್ಲಿಯದು 25 ಎಂದಿಟ್ಟುಕೋ. ಸಮ ಪ್ರಮಾಣದಲ್ಲಿ ಬೆರೆಸಿದರೆ 62ರ ಆಸುಪಾಸು. ಆದರೆ ಬಕೆಟ್ ಸ್ವಲ್ಪ ಬಿಸಿಯನ್ನು ಹೀರುತ್ತದೆ, ಗಾಳಿಗೂ ಹೋಗುತ್ತದೆ, ಐದೇ ನಿಮಿಷದಲ್ಲಿ 60ಕ್ಕಿಂತ ಕೆಳಗೆ. ಎರಡು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಹಾಕು, 75 ಸಿಗುತ್ತದೆ. ದಪ್ಪ ಬಕೆಟ್ ಇರಲಿ, ತಟ್ಟೆ ಮುಚ್ಚು, ಅರ್ಧ ಗಂಟೆ ಬಿಡು. ಕೈ ಹಾಕಬೇಡ, ಕೋಲಿನಿಂದ ತಿರುವು. ರಕ್ತದ ಕಲೆಯಿದ್ದರೆ ಮೊದಲು ತಣ್ಣೀರಿನಲ್ಲೇ ತೆಗೆದುಬಿಡು, ಬಿಸಿ ತಗುಲಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಚಿಕ್ಕಮ್ಮ: ಹಾಗೆ ದಿನವೂ ಮಾಡಿದರೆ ಎಲಾಸ್ಟಿಕ್ ಹಿಗ್ಗಿ ಹೋಗುತ್ತದೆ. ಹೊಸದು ಕೊಳ್ಳುವ ಖರ್ಚು ಯಾರು ಕೊಡುತ್ತಾರೆ?

ಅಕ್ಕ: ದಿನವೂ ಬೇಡ. ಉಳಿದ ದಿನಗಳಲ್ಲಿ ವಾಸನೆಯಿಲ್ಲದ ಸಾದಾ ಸೋಪು ಸಾಕು, ಅದನ್ನೂ ಅರ್ಧಕ್ಕೆ ಇಳಿಸಿ. ಮುಖ್ಯವಾದದ್ದು ಜಾಲಿಸುವುದು. ಜಾಲಿಸಿದ ಬಟ್ಟೆಯನ್ನು ಒಂದು ಬಟ್ಟಲು ಹೊಸ ನೀರಿನಲ್ಲಿ ಕುಲುಕಿ ನೋಡು. ನೀರು ಮಬ್ಬಾದರೆ, ನೊರೆ ಎದ್ದರೆ ಸೋಪು ಇನ್ನೂ ಒಳಗಿದೆ. ಆಮೇಲೆ ಬಿಸಿಲಿನಲ್ಲಿ ಒಣಗಿಸು. ಬಿಸಿಲಿಲ್ಲದಿದ್ದರೆ ಗಾಳಿ ಆಡುವ ಕಡೆ. ಹತ್ತಿಯದಾದರೆ ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿಯೂ ಆಡಿಸಬಹುದು. ಬಚ್ಚಲುಮನೆಯ ಮೂಲೆಯಲ್ಲಿ ಒಣಗಿದ್ದನ್ನು ಪೂರ್ತಿ ಒಣಗಿದೆ ಎಂದು ನಂಬಬೇಡ.

ಚಿಕ್ಕಪ್ಪ: ಮೈಕ್ರೊವೇವ್‌ನಲ್ಲಿ ಇಟ್ಟರೆ ಆಗದೇ? ಬೇಗ ಆಗುತ್ತದೆ.

ಚಿಕ್ಕಮ್ಮ: ನೀವು ಅಡುಗೆಮನೆಯ ಹೊಸ್ತಿಲು ದಾಟಬೇಡಿ.

ಅಕ್ಕ: ಒದ್ದೆ ಬಟ್ಟೆಯ ಮೇಲೆ ಆ ಪ್ರಯೋಗವೂ 1988ರಲ್ಲಿ ನಡೆದಿದೆ ಚಿಕ್ಕಪ್ಪ, ಯೀಸ್ಟ್ ಸತ್ತಿತ್ತು. ಆದರೆ ನೀರು ಆರಿದ ಬಟ್ಟೆ ಅದರೊಳಗೆ ಹೊತ್ತಿಕೊಳ್ಳುತ್ತದೆ. ಬೇಡವೇ ಬೇಡ. ದೊಡ್ಡಮ್ಮ, ನಿಮಗೊಂದು ಪ್ರಶ್ನೆ. ನಿಮ್ಮ ಸಕ್ಕರೆ ಕಾಯಿಲೆ ಮೊದಲು ಗೊತ್ತಾದದ್ದು ಹೇಗೆ?

ದೊಡ್ಡಮ್ಮ: ತುರಿಕೆ ಎಂದು ತೋರಿಸಲು ಹೋಗಿದ್ದೆ. ಅವರು ರಕ್ತ ಪರೀಕ್ಷೆಗೆ ಬರೆದರು. ಅದು ಬೇರೆ ವಿಷಯ.

ಅಕ್ಕ: ಅದೇ ವಿಷಯ. ಸಕ್ಕರೆ ಏರಿದ ದೇಹದಲ್ಲಿ ಯೀಸ್ಟ್ ಬೇಗ ಬೆಳೆಯುತ್ತದೆ, ಎಷ್ಟು ಒಗೆದರೂ.

ದೊಡ್ಡಮ್ಮ: ನಾನು ಆಗ ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುತ್ತಿದ್ದೆ. ನೆನಪೇ ಇರಲಿಲ್ಲ ನೋಡು.

ಅಮ್ಮ: ನಾಡಿದ್ದು ರಜೆ ಹಾಕು. ಸಕ್ಕರೆಯನ್ನೂ ನೋಡಿಸೋಣ, ಅಕ್ಕ ಹೇಳಿದ ಮಾದರಿ ಪರೀಕ್ಷೆಯನ್ನೂ ಮಾಡಿಸೋಣ. ನಾನೂ ಬರುತ್ತೇನೆ.

ನಾನು: ಸರಿ. ಅಲ್ಲಿಯವರೆಗೆ ಆಂಟಿಸೆಪ್ಟಿಕ್ ಬಾಟಲಿ ನೆಲ ಒರೆಸಲು.

ದೊಡ್ಡಮ್ಮ: ಆ ಸಂದೇಶವನ್ನು ಇನ್ನೂ ಮೂರು ಗುಂಪಿಗೆ ಹಾಕಿದ್ದೇನೆ, ಕಳೆದ ವಾರವೇ ಹಾಕಿದ್ದು. ಈಗ ಅಳಿಸಲು ಹೋದರೆ ನನಗೆ ಮಾತ್ರ ಅಳಿಸು ಎಂದು ಬರುತ್ತಿದೆ. ಏನು ಮಾಡಲಿ?

ಅಣ್ಣ: ಅದರ ಕೆಳಗೇ ಬರೆಯಿರಿ. ಬ್ಲೀಚಿಗೆ ನೀರಲ್ಲದೆ ಬೇರೇನೂ ಬೆರೆಸಬಾರದು ಎಂದು.

ದೊಡ್ಡಮ್ಮ: ಬರೆದೆ. ಒಬ್ಬಳು ಆಗಲೇ ನೆನೆಹಾಕಿದ್ದಾಳಂತೆ. ಕಿಟಕಿ ತೆರೆದು ಹೊರಗೆ ನಿಲ್ಲು ಎಂದು ಹೇಳಲು ಫೋನ್ ಮಾಡುತ್ತಿದ್ದೇನೆ, ಯಾರೂ ಈಗ ನನಗೆ ಕರೆ ಮಾಡಬೇಡಿ.