ಹಳೇ ಅಪಾರ್ಟ್‌ಮೆಂಟ್, ಹಬೆ ರೇಡಿಯೇಟರ್, ರಾತ್ರಿಯೆಲ್ಲ ಢಣ್ ಢಣ್: ಏನು ಮಾಡಲಿ?

ಪಾರ್ಕ್‌ಪಕ್ಕದಮನೆ:
ನಮಸ್ಕಾರ ಎಲ್ಲರಿಗೂ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪ್ರಾಸ್ಪೆಕ್ಟ್ ಪಾರ್ಕ್ ಎದುರಿಗೇ ಇರುವ ಪ್ರೀ-ವಾರ್ ಕಟ್ಟಡವೊಂದಕ್ಕೆ ಬಾಡಿಗೆಗೆ ಬಂದಿದ್ದೇವೆ. ಎರಡನೇ ಮಹಾಯುದ್ಧಕ್ಕೆ ಮುಂಚಿನದು. ಒಳಗೆ ಅಡುಗೆಮನೆ, ಬಾತ್‌ರೂಮ್, ಮರದ ನೆಲ ಎಲ್ಲ ಹೊಸದಾಗಿ ಮಾಡಿಸಿದ್ದಾರೆ, ಆದರೆ ಚಳಿಗೆ ಇರೋದು ಅದೇ ಹಳೇ ಕಬ್ಬಿಣದ ಹಬೆ ರೇಡಿಯೇಟರ್, ಪೈಪಲ್ಲಿ ಬರುವ ಹಬೆಯಿಂದ ರೂಮು ಬಿಸಿ ಮಾಡೋದು. ಹಾಲ್‌ನಲ್ಲಿರುವುದು ಸುಮ್ಮನಿದೆ. ಬೆಡ್‌ರೂಮಿನದು ಮಾತ್ರ ಹಬೆ ಬಂದಾಗಲೆಲ್ಲ ಯಾರೋ ಒಳಗಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು ಮಾಡುತ್ತದೆ, ಪಕ್ಕದಲ್ಲಿರುವ ಸಣ್ಣ ಬೆಳ್ಳಿ ಬಣ್ಣದ ಬುರುಡೆಯಿಂದ ನೀರು ಬೇರೆ ಉಗುಳುತ್ತದೆ. ಮಗು ಎದ್ದು ಅಳುತ್ತೆ. ಒಡೆದುಗಿಡೆದು ಹೋಗಲ್ಲ ತಾನೇ?

ಹಬೆಪೈಪು:
ಸಾಮಾನ್ಯವಾಗಿ ಒಡೆಯಲ್ಲ, ಗಾಬರಿ ಬೇಡ. ಇಂಥ ಮನೆಗಳ ಹಬೆಯ ಒತ್ತಡ ತುಂಬಾ ಕಮ್ಮಿ, 2 ಪಿ.ಎಸ್.ಐ. (ಚದರ ಇಂಚಿಗೆ 2 ಪೌಂಡ್) ಒಳಗೇ ಇರಬೇಕು. ಎರಡು ವಿಷಯ ಹೇಳಿ. ರೇಡಿಯೇಟರಿಗೆ ಬರುವ ಪೈಪು ಒಂದೋ ಎರಡೋ? ಕೆಳಗಿನ ವಾಲ್ವ್ ಪೂರ್ತಿ ತೆರೆದಿದೆಯಾ?

ಪಾರ್ಕ್‌ಪಕ್ಕದಮನೆ:
ಒಂದೇ ಪೈಪು. ವಾಲ್ವ್ ಪೂರ್ತಿ ತೆರೆದಿದೆ ಸರ್, ತಿರುಗಿಸಿ ನೋಡಿದೆ.

ಹಬೆಪೈಪು:
ಹಾಗಾದರೆ ಇಳಿಜಾರಿನದೇ ತೊಂದರೆ ಅನ್ನಿಸುತ್ತೆ. ಒಂಟಿ ಪೈಪಿನ ವ್ಯವಸ್ಥೆಯಲ್ಲಿ ಹಬೆ ಮೇಲೆ ಬರೋದೂ ಅದೇ ಪೈಪಲ್ಲಿ, ತಣಿದು ನೀರಾದ ಮೇಲೆ ವಾಪಸ್ ಇಳಿಯೋದೂ ಅದರಲ್ಲೇ. ರೇಡಿಯೇಟರ್ ವಾಲ್ವಿನ ಕಡೆಗೆ ಸ್ವಲ್ಪ ವಾಲಿದ್ದರೆ ನೀರು ತಾನಾಗೇ ಹರಿದು ಹೋಗುತ್ತೆ. ಉಲ್ಟಾ ವಾಲಿದ್ದರೆ ಆಚೆ ತುದಿಯಲ್ಲಿ ನಿಂತುಬಿಡುತ್ತೆ, ಮುಂದಿನ ಸಲ ಬರುವ ಹಬೆ ಆ ನೀರನ್ನು ಎತ್ತಿ ಕಬ್ಬಿಣಕ್ಕೆ ಬಡಿಯುತ್ತೆ. ನೀವು ಕೇಳ್ತಾ ಇರೋದು ಅದೇ.

ಒಂದು ರಸಮಟ್ಟ ತಂದು ರೇಡಿಯೇಟರ್ ತಲೆ ಮೇಲಿಡಿ. ಗುಳ್ಳೆ ವಾಲ್ವಿನ ಕಡೆ ಓಡಿದರೆ ಆ ಕಡೆ ಎತ್ತರ ಇದೆ ಅಂತ, ಅಂದರೆ ತಪ್ಪು.

ಹೊಸ ನೆಲ ಹಾಕಿದ್ದಾರೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ನೆಲ ಹಾಕುವವರು ರೇಡಿಯೇಟರ್ ಪಕ್ಕಕ್ಕೆ ಸರಿಸುತ್ತಾರೆ, ಕಾಲ ಕೆಳಗೆ ಯಾವಾಗಲೋ ಕೊಟ್ಟಿದ್ದ ಚಕ್ಕೆಗಳನ್ನ ಕಸ ಅಂತ ಎಸೆಯುತ್ತಾರೆ, ಆಮೇಲೆ ನೆಟ್ಟಗೆ ಕಂಡರೆ ಸಾಕು ಅಂತ ಕೂರಿಸಿ ಹೋಗುತ್ತಾರೆ. ನೋಡೋಕೆ ಚೆಂದ, ಅಷ್ಟೇ.

ಪಾರ್ಕ್‌ಪಕ್ಕದಮನೆ:
ನೋಡಿದೆ. ಗುಳ್ಳೆ ವಾಲ್ವಿನ ಕಡೆಗೇ ಹೋಗಿದೆ! ನಾನೇ ಎತ್ತಿ ಚಕ್ಕೆ ಕೊಡಬಹುದಾ?

ಹಬೆಪೈಪು:
ಒಬ್ಬರೇ ಬೇಡ. ಎರಕದ ಕಬ್ಬಿಣ, ಭಾರಿ ತೂಕ, ಜಾಸ್ತಿ ಎತ್ತಿದರೆ ಪೈಪಿನ ಜೋಡಣೆಯೂ ಸಡಿಲವಾಗುತ್ತೆ. ಬಿಲ್ಡಿಂಗ್ ಸೂಪರ್‌ನ, ಅಂದರೆ ಕಟ್ಟಡ ನೋಡಿಕೊಳ್ಳುವವರನ್ನ, ಕರೆಸಿ. ತಣ್ಣಗಿರುವಾಗ ಆಚೆ ತುದಿಯ ಕಾಲುಗಳ ಕೆಳಗೆ ಕಾಲಿಂಚು ದಪ್ಪದ ಗಟ್ಟಿ ಚಕ್ಕೆ ಕೊಟ್ಟರೆ ಸಾಕಾಗಬಹುದು. ಆ ಬೆಳ್ಳಿ ಬುರುಡೆ ಏರ್ ವೆಂಟ್. ಗಾಳಿಯನ್ನ ಆಚೆ ಬಿಟ್ಟು, ಹಬೆ ತಾಗಿದ ಕೂಡಲೇ ಮುಚ್ಚಿಕೊಳ್ಳಬೇಕು. ನೀರು ಉಗುಳಿ ಉಗುಳಿ ಅದು ಕೆಟ್ಟಿರಬಹುದು, ಅದನ್ನೂ ಬದಲಿಸೋಕೆ ಹೇಳಿ. ದುಬಾರಿ ಏನಲ್ಲ.

ಕ್ವೀನ್ಸ್‌ಕನ್ನಡತಿ:
ನಡುವೆ ಬಾಯಿ ಹಾಕ್ತಿದ್ದೀನಿ. ರಿಪೇರಿ ಖರ್ಚು ಮಾಲೀಕರದ್ದು, ನೀವು ಕೊಡಬೇಡಿ. ನ್ಯೂಯಾರ್ಕ್‌ನಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಬಿಸಿ ಕೊಡೋದು ಅವರ ಕಾನೂನುಬದ್ಧ ಹೊಣೆ. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಮ್ಮಿ ಇದ್ದರೆ ಒಳಗೆ ಕನಿಷ್ಠ 68 ಇರಬೇಕು, ರಾತ್ರಿ ಕನಿಷ್ಠ 62. ಬಿಸಿಯೇ ಬರದೆ ಹೋದರೆ, ಅವರೂ ಕಿವಿಗೆ ಹಾಕಿಕೊಳ್ಳದಿದ್ದರೆ ನಗರದ ದೂರು ಸಂಖ್ಯೆ 311ಕ್ಕೆ ಫೋನ್ ಮಾಡಿ.

ಇನ್ನೊಂದು, ಇದು ಮುಖ್ಯ. ರೇಡಿಯೇಟರ್ ಬಣ್ಣ ಎದ್ದಿದ್ದರೆ ಕೆರೆಯಬೇಡಿ, ಮಗು ಇದೆ ಅಂದಿರಿ. ಈ ಊರಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧ ಆಗಿದ್ದೇ 1960ರಲ್ಲಿ, ನಿಮ್ಮ ಕಟ್ಟಡ ಅದಕ್ಕಿಂತ ಹಳೇದು. ಮೇಲೆ ಹೊಸ ಬಣ್ಣ ಕಂಡರೂ ಕೆಳಗಿನ ಪದರದಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅದು ವಿಷ.

ಪಾರ್ಕ್‌ಪಕ್ಕದಮನೆ:
ಬಣ್ಣದ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಮೇಡಂ. ಸೂಪರ್ ಬಂದು ಚಕ್ಕೆ ಕೊಟ್ಟು, ವೆಂಟ್ ಬದಲಿಸಿ ಹೋದರು. ಢಣ್ ಢಣ್ ನಿಂತಿದೆ! ಆದರೆ ಈಗ ರೂಮು ಕುಲುಮೆ, ಹೊರಗೆ ಹಿಮ ಬಿದ್ದಿದ್ದರೂ ಕಿಟಕಿ ತೆಗೆದು ಮಲಗ್ತಿದ್ದೀವಿ. ವಾಲ್ವ್ ಅರ್ಧ ಮುಚ್ಚಲಾ?

ಹಬೆಪೈಪು:
ಅಯ್ಯೋ ಬೇಡ! ಒಂಟಿ ಪೈಪಿನಲ್ಲಿ ವಾಲ್ವ್ ಒಂದೋ ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ಮುಚ್ಚಿದರೆ ಹಬೆ ನುಗ್ಗುತ್ತೆ, ನೀರು ಇಳಿಯಲ್ಲ, ಮತ್ತೆ ಅದೇ ಗಲಾಟೆ. ರೇಡಿಯೇಟರ್ ಮತ್ತು ಏರ್ ವೆಂಟ್ ನಡುವೆ ಕೂರಿಸುವ ಥರ್ಮೋಸ್ಟಾಟಿಕ್ ವಾಲ್ವ್ ಸಿಗುತ್ತೆ, ಅದನ್ನ ಹಾಕಿಸಿ. ರೂಮು ಬೆಚ್ಚಗಾದ ಮೇಲೆ ಅದು ಗಾಳಿಯ ದಾರಿ ಕಟ್ಟುತ್ತೆ. ಗಾಳಿ ಹೋಗದಿದ್ದರೆ ಹಬೆ ಒಳಗೆ ಬರೋಕೆ ಜಾಗ ಇರಲ್ಲ.

ಅಂದಹಾಗೆ, ನೀವು ಕಿಟಕಿ ತೆಗೆದು ಮಲಗೋದು ಆ ಕಾಲದ ಲೆಕ್ಕದ ಪ್ರಕಾರ ಸರಿಯಾಗೇ ಇದೆ. 1918ರ ಫ್ಲೂ ಸಮಯದಲ್ಲಿ ಕಿಟಕಿ ತೆಗೆದಿಟ್ಟು ಗಾಳಿಯಾಡಿಸಿ ಅಂತ ಜನರಿಗೆ ಹೇಳ್ತಿದ್ದರು. ಆಮೇಲೆ ಕಟ್ಟಿದ ಎಷ್ಟೋ ಕಟ್ಟಡಗಳಿಗೆ ಕಿಟಕಿ ತೆರೆದಿದ್ದರೂ ಬೆಚ್ಚಗಿರಲಿ ಅಂತ ದೊಡ್ಡ ದೊಡ್ಡ ರೇಡಿಯೇಟರ್ ಹಾಕಿಬಿಟ್ಟರು.

ಪಾರ್ಕ್‌ಪಕ್ಕದಮನೆ:
ಓಹೋ, ಇದಾ ಕಥೆ! ಆ ವಾಲ್ವಿಗೆ ಮಾಲೀಕರ ಒಪ್ಪಿಗೆ ಕೇಳ್ತೀನಿ. ಬಿಸಿ ಶುರುವಾದಾಗ ಸಣ್ಣಗೆ ಟಿಕ್ ಟಿಕ್ ಅಂತ ಬರುತ್ತೆ, ಅದೇನು?

ಹಬೆಪೈಪು:
ಪೈಪು ಬಿಸಿಗೆ ಹಿಗ್ಗಿ ನೆಲದ ಮರಕ್ಕೆ ಉಜ್ಜುತ್ತಿರುತ್ತೆ. ತೊಂದರೆ ಇಲ್ಲ, ಬಿಡಿ. ಜಾಸ್ತಿ ಅನ್ನಿಸಿದರೆ ಪೈಪಿನ ಸುತ್ತ ರಂಧ್ರ ಸ್ವಲ್ಪ ಅಗಲ ಮಾಡೋಕೆ ಸೂಪರ್‌ಗೆ ಹೇಳಿ.