ಅಪ್‌ಡೇಟ್: ಏಜೆಂಟ್ ಕೊನೆಗೂ ಪೇಪರ್‌ಗಳನ್ನು ಒಟ್ಟಿಗೆ ಕೇಳುತ್ತಿದೆ

ಹೋದ ವಾರ ಕೇಳಿದ್ದೆ: ಸೆಮ್ಯಾಂಟಿಕ್ ಸ್ಕಾಲರ್ ಅನ್ನುವ, ಸಂಶೋಧನಾ ಪೇಪರ್ ಹುಡುಕುವ ತಾಣದಿಂದ ಒಂದೇ ಸಲಕ್ಕೆ 500 ಪೇಪರ್‌ಗಳವರೆಗೆ ವಿವರ ತರುವ ಟೂಲ್ ಬರೆದಿದ್ದೇನೆ, ಆದರೆ ಎಐ ಏಜೆಂಟ್ (ತಾನೇ ಟೂಲ್ ಬಳಸಿ ಕೆಲಸ ಮಾಡುವ ಎಐ) ಒಂದೊಂದೇ ಪೇಪರ್ ಐಡಿ ಕಳಿಸುತ್ತದೆ, ಅದು ಓದುವ ಟೂಲ್‌ನ ವಿವರಣೆ ಹೇಗೆ ಬರೆಯಲಿ ಅಂತ. ಈಗ ಸರಿಹೋಗಿದೆ.

ವಿವರಣೆಯಲ್ಲಿ, ಐಡಿಗಳನ್ನು ಒಟ್ಟಿಗೆ ಕಳಿಸುವುದು 'ಕಡ್ಡಾಯ' ಅಂತ ಮೂರು ಕಡೆ ಬರೆಯಿರಿ ಅನ್ನುವ ಸಲಹೆ ನಡೆಯಲಿಲ್ಲ. ಎರಡು ಸಲ ಮಾತು ಕೇಳಿತು, ಆಮೇಲೆ ಅದೇ ಹಳೇ ಚಾಳಿ. ಕೆಲಸ ಮಾಡಿದ್ದು ಉದಾಹರಣೆ. ನಾಲ್ಕು ಐಡಿ ಇರುವ ಒಂದು ಕೋರಿಕೆ, ಅದಕ್ಕೆ ಬರುವ ಉತ್ತರ, ಎರಡನ್ನೂ ಪೂರ್ತಿ ಹಾಕಿದೆ. ನಾಲ್ಕರಲ್ಲಿ ಒಂದು ಬೇಕಂತಲೇ ಸಿಗದ ಪೇಪರ್. ಸಿಗದಿದ್ದರೆ ಆ ಜಾಗದಲ್ಲಿ ನಲ್ (ಏನೂ ಇಲ್ಲ ಅನ್ನುವ ಗುರುತು) ಬರುತ್ತದೆ. ಏಜೆಂಟ್ ಅದನ್ನು ಬಿಟ್ಟು ಎಣಿಸಿ, ಒಂದು ಪೇಪರ್‌ಗೆ ಇನ್ನೊಂದರ ಶೀರ್ಷಿಕೆ ಅಂಟಿಸುತ್ತಿತ್ತು! ಈಗ ಪ್ರತಿ ಉತ್ತರದ ಜೊತೆ ಕೇಳಿದ ಐಡಿಯನ್ನೂ ವಾಪಸ್ ಕೊಡುತ್ತೇನೆ. ಈ ಉಪಾಯ ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್.

ನಾನು ಊಹಿಸದೇ ಇದ್ದದ್ದು ಆರ್ಕೈವ್ (arXiv, ಪೇಪರ್‌ಗಳನ್ನು ಉಚಿತವಾಗಿ ಇಡುವ ತಾಣ) ಐಡಿಗಳ ಕಾಟ. 2101.00010 ನೋಡೋಕೆ ಸಂಖ್ಯೆ ಥರಾನೇ ಇದೆ ಅಲ್ವಾ? ಏಜೆಂಟ್ ಕೋಟ್ಸ್ ಇಲ್ಲದೆ ಕಳಿಸಿತು, ಅದು ಸಂಖ್ಯೆ ಅಂತಾಗಿ ಕೊನೆಯ ಸೊನ್ನೆ ಮಾಯ. 2015ರಿಂದ ಚುಕ್ಕಿಯ ನಂತರ 5 ಅಂಕಿ ಇರಲೇಬೇಕು, ಹಾಗಾಗಿ ಪೇಪರ್ ಸಿಗಲೇ ಇಲ್ಲ. ಅರ್ಧ ದಿನ ಸುಮ್ನೆ ನೆಟ್‌ವರ್ಕ್‌ಗೆ ಬೈದೆ. ಈಗ ಸ್ಕೀಮಾದಲ್ಲಿ (ಟೂಲ್‌ಗೆ ಮಾಹಿತಿ ಯಾವ ರೂಪದಲ್ಲಿ ಬರಬೇಕು ಅನ್ನುವ ನಿಯಮ) ಸ್ಟ್ರಿಂಗ್, ಅಂದರೆ ಕೋಟ್ಸ್ ಒಳಗಿನ ಪಠ್ಯ, ಬಿಟ್ಟರೆ ಬೇರೇನೂ ಒಪ್ಪುವುದಿಲ್ಲ. 2007ರ ಏಪ್ರಿಲ್‌ಗೆ ಮುಂಚಿನ ಆರ್ಕೈವ್ ಐಡಿಗಳ ಒಳಗೇ ಓರೆಗೆರೆ (/) ಇರುತ್ತದೆ, ಅದಕ್ಕೂ ಒಂದು ಉದಾಹರಣೆ ಹಾಕಿಡಿ.

ಅಂದ ಹಾಗೆ, ಇಷ್ಟೆಲ್ಲ ಸೇರಿಸಿದರೂ ವಿವರಣೆ ಮೊದಲಿಗಿಂತ ಚಿಕ್ಕದಾಗಿದೆ. ಆ 'ಕಡ್ಡಾಯ'ಗಳೇ ಅಷ್ಟು ಜಾಸ್ತಿ ಇದ್ದವು.