ಅಳುತ್ತಾ ಹಾಡುವ ದೃಶ್ಯ: ಶ್ರುತಿ ಹೇಗೆ ಉಳಿಸಿಕೊಂಡಿರಿ?

ನಮ್ಮ ಹವ್ಯಾಸಿ ತಂಡದ ಹರಿಶ್ಚಂದ್ರ ನಾಟಕದಲ್ಲಿ ನಾನು ಚಂದ್ರಮತಿ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿ ಮಲಗಿಸಿಕೊಂಡು ಒಂದು ಹಾಡು ಹಾಡಬೇಕು. ಸರಿಯಾಗಿ ಹಾಡಿದರೆ ನಿರ್ದೇಶಕರು, "ಹಾಡು ಕೇಳಿಸಿತು, ತಾಯಿ ಕಾಣಲಿಲ್ಲ" ಅನ್ನುತ್ತಾರೆ. ಮನಸ್ಸಿಗೆ ತೆಗೆದುಕೊಂಡು ಮಾಡಿದರೆ ಅಳು ಬಂದು ಶ್ರುತಿ ಜಾರುತ್ತದೆ. ಪ್ರದರ್ಶನಕ್ಕೆ 20 ದಿನ ಇದೆ. ಹೀಗೆ ಆದವರು ಏನು ಮಾಡಿದಿರಿ, ಹೇಳ್ತೀರಾ?

*

ಇದೇ ಪಾತ್ರ ನಾನೂ ಮಾಡಿದ್ದೇನೆ ತಂಗಿ. ಮೊದಲ ಪ್ರದರ್ಶನದಲ್ಲಿ ನಿಜವಾಗಿಯೇ ಅತ್ತುಬಿಟ್ಟೆ. ಗಂಟಲು ಕಟ್ಟಿತು, ಮೂಗು ಸೋರಿತು, ಚರಣ ಮರೆತೇ ಹೋಯಿತು. ಹಾರ್ಮೋನಿಯಂ ಮೇಷ್ಟ್ರು ಅದೇ ಸಾಲನ್ನು ಮೂರು ಸಲ ನುಡಿಸಿ ಕಾದರು. ಮುಂದೆ ಕೂತವರು ಸತ್ತ ಮಗನನ್ನು ಬಿಟ್ಟು, ಇವರಿಗೇನಾಯ್ತು ಅಂತ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಒಂದು ವಾರ ರಾಗ ಬಿಟ್ಟೆ. ಬಾಗಿಲು ಹಾಕಿಕೊಂಡು ಸಾಲುಗಳನ್ನು ಸುಮ್ನೆ ಮಾತಿನ ಹಾಗೆ ಮಗನಿಗೆ ಹೇಳುತ್ತಿದ್ದೆ. ಬರುವ ಅಳುವೆಲ್ಲ ಅಲ್ಲೇ ಬಂದು ಹೋಗಲಿ ಅಂತ. ಆಗ ಗೊತ್ತಾಯಿತು, ಹಾಡಿನುದ್ದಕ್ಕೂ ನನಗೆ ಅಳು ಬರುವುದಿಲ್ಲ. "ಏಳು ಮಗನೇ" ಅನ್ನುವ ಒಂದೇ ಕಡೆ ಗಂಟಲು ಹಿಡಿಯುತ್ತದೆ. ಆ ಮಾತಿಗೆ ಮುಂಚೆ ಉಸಿರಿಗೆ ಜಾಗ ಮಾಡಿಕೊಂಡೆ. ಅಲ್ಲಿದ್ದ ದೊಡ್ಡ ಸಂಗತಿ, ಅಂದರೆ ಸ್ವರಗಳ ಏರಿಳಿತ, ಬಿಟ್ಟು "ಮಗನೇ" ಅನ್ನುವುದನ್ನು ನೇರ ಸ್ವರದಲ್ಲಿ ನಿಲ್ಲಿಸಿದೆ. ಮೇಷ್ಟ್ರಿಗೆ ಹೇಳಿ ಶ್ರುತಿಯನ್ನೂ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಗೆ, ಇಳಿಸಿದೆವು. ತಾರಸ್ಥಾಯಿಯ ಎತ್ತರದ ಸ್ವರಗಳಿಗೆ ಹೋಗಲು ಒದ್ದಾಡಿದರೆ ಮುಖದಲ್ಲಿ ಹಾಡುವವಳ ಕಷ್ಟವೇ ಕಾಣುತ್ತದೆ.

ರಾಗವನ್ನು ಬೇರೆ ಹೊತ್ತಲ್ಲಿ, ತಂಬೂರಿ ಹಾಕಿಕೊಂಡು, ಬರೀ ಅಕಾರದಲ್ಲಿ ಹಾಡುತ್ತಿದ್ದೆ. ಪಾತ್ರೆ ತೊಳೆಯುವಾಗಲೂ ತಾನಾಗಿಯೇ ಬರುವಷ್ಟು. ಎರಡನ್ನೂ ಸೇರಿಸಿದ್ದು ಕೊನೆಯ ವಾರ.

*

ನಾನು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವನು. ನಮ್ಮಲ್ಲಿ ಪದ್ಯ ಹಾಡುವವರು ಭಾಗವತರು. ನಾವು ಅಭಿನಯಿಸಿ, ಪದ್ಯ ಮುಗಿದ ಮೇಲೆ ಅರ್ಥ ಹೇಳುತ್ತೇವೆ. ಹಾಗಾಗಿ ಅರ್ಧ ಭಾರ ಅವರೇ ಹೊರುತ್ತಾರೆ. ನಿಮಗೆ ಹಾರ್ಮೋನಿಯಂ ಇದೆ ಅಲ್ವಾ? ಪಲ್ಲವಿ ಆದ ಮೇಲೆ ಎರಡು ಆವರ್ತ (ತಾಳದ ಎರಡು ಸುತ್ತು) ಬರೀ ವಾದ್ಯಕ್ಕೆ ಬಿಡಿಸಿಕೊಳ್ಳಿ. ಆ ಹೊತ್ತಲ್ಲಿ ಮಗುವಿನ ಕಾಲಿನ ಮಣ್ಣು ಒರೆಸಿ, ಸಾಕು. ಅಳುವ ಮುಖ ಮಾಡಬೇಡಿ.

*

ಅಳು ಬಂದರೆ ತಪ್ಪು ಅನ್ನುವ ಹೆದರಿಕೆಯೂ ಬೇಡ. ನಾಟ್ಯಶಾಸ್ತ್ರ ಹೇಳುವ, ಮನಸ್ಸು ತುಂಬಿದಾಗ ಮೈಯಲ್ಲಿ ಕಾಣುವ 8 ಸಾತ್ವಿಕ ಭಾವಗಳಲ್ಲಿ ಅಶ್ರುವೂ ಇದೆ, ಸ್ವರಭೇದವೂ ಇದೆ. ಅಂದರೆ ಕಣ್ಣೀರಿಗೂ ದನಿ ಬದಲಾಗುವುದಕ್ಕೂ ಅಭಿನಯದಲ್ಲಿ ಜಾಗ ಕೊಟ್ಟಿದ್ದಾರೆ. ಒಂದು ಕಡೆ ದನಿ ಒಡೆದರೆ ಒಡೆಯಲಿ. ಪ್ರತಿ ಸಾಲಲ್ಲೂ ಒಡೆದರೆ ಮಾತ್ರ ಜನಕ್ಕೆ ಅದು ರೂಢಿಯಾಗಿಬಿಡುತ್ತದೆ.

*

ಮಡಿಲಲ್ಲಿ ದಿಂಬು ಇಟ್ಟುಕೊಂಡು ತಾಲೀಮು ಮಾಡ್ತಾ ಇದ್ದರೆ ಇವತ್ತೇ ಬಿಡಿ. ಆ ಹುಡುಗನನ್ನೇ ಮಲಗಿಸಿಕೊಳ್ಳಿ. ಮಗುವಿನ ಭಾರ ಹೊಟ್ಟೆಗೆ ಒತ್ತಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ನನಗೆ ಅದು ಗೊತ್ತಾಗಿದ್ದು ಪ್ರದರ್ಶನದ ದಿನ. ತಲೆ ನಿಮ್ಮ ಎಡತೊಡೆಯ ಮೇಲೆ, ಮೈ ನೆಲದ ಮೇಲೆ ಇರಲಿ. ಅವನ ಮುಖ ನಿಮ್ಮ ಕಡೆ ತಿರುಗಿರಲಿ. ಹಾಡು ಯಾರಿಗೆ ಅಂತ ಆಮೇಲೆ ಹುಡುಕಬೇಕಾಗಿಲ್ಲ.